ರಾಷ್ಟ್ರದ ಅಭಿವೃದ್ಧಿಯಲ್ಲಿ ವಿಶ್ವವಿದ್ಯಾಲಯದ ಪಾತ್ರೆ

ಹುಡುಗರ ಹಾಸ್ಟೆಲ್
ಜನವರಿ 6

ಪರಮಪೂಜ್ಯ ಅಕ್ಕನವರ ಘನ ಸನ್ನಿಧಾನಕ್ಕೆ,

ನಿನ್ನ ಏಕೈಕ ಹಾಗೂ ಅನಿವಾರ್ಯ ತಮ್ಮನ ಬಿನ್ನಹಗಳು. ಇತ್ತ ಕ್ಷೇಮ. ಅತ್ತಲೂ ಕ್ಷೇಮ ಅಂತ ತಿಳಿಯೋಕೆ ನೀನು ಕಾಗದ ಬರೆದರೆ ತಾನೆ?

ಮುಖ್ಯ ವಾರ್ತೆ ಏನೆಂದರೆ, ನಮ್ಮ ವಿಶ್ವವಿದ್ಯಾಲಯಕ್ಕೆ ಐವತ್ತು ತುಂಬುತ್ತಿದೆ. ಐವತ್ತು ತುಂಬಿದ ಎಲ್ಲರಿಗೂ ಆಗುವ ಹಾಗೆ ಅದಕ್ಕೂ ಇದ್ದಕ್ಕಿದ್ದಂತೆ ‘ನಾನು ಇಷ್ಟು ದಿನ ಏನು ಕಡಿದು ಕಟ್ಟೆ ಹಾಕಿದೆ’ ಅನ್ನುವ ಚಿಂತೆ ಹತ್ತಿಕೊಂಡಿದೆ. ಕಂಡ ಗೋಡೆಗೆಲ್ಲ ಸುಣ್ಣ. ನಿಂತೇ ಹೋಗಿದ್ದ ಗೋಪುರದ ಗಡಿಯಾರವನ್ನು ರಿಪೇರಿ ಮಾಡಿಸಿದ್ದಾರೆ. ಹೀಗಾಗಿ ಎಷ್ಟು ತಡವಾಗಿ ಕ್ಲಾಸಿಗೆ ಹೋಗುತ್ತಿದ್ದೇವೆ ಅನ್ನುವುದು ನಮಗೆ ಮೊದಲ ಸಲ ಗೊತ್ತಾಗಿ ಮನಸ್ಸಿಗೆ ನೋವಾಗಿದೆ.

ಬರುವ ತಿಂಗಳು ದೊಡ್ಡ ಸಭಾಂಗಣದಲ್ಲಿ ವಸ್ತುಪ್ರದರ್ಶನ. ತಲೆಬರಹ ಕೇಳು, ಎದ್ದು ನಿಂತು ಕೇಳು: ‘ರಾಷ್ಟ್ರದ ಅಭಿವೃದ್ಧಿಯಲ್ಲಿ ವಿಶ್ವವಿದ್ಯಾಲಯದ ಪಾತ್ರ’. ಸಮಿತಿಯ ಮುಖ್ಯಸ್ಥರು ನಮ್ಮ ಅಲ್ಪವಿರಾಮ ಮೇಷ್ಟ್ರು. ಮಾತಿಗೊಂದು ಸಲ ನಿಲ್ಲುತ್ತಾರಲ್ಲ, ಅದೇ ನಿನ್ನ ಹಳೇ ಪ್ರೊಫೆಸರು. ಅವರು ವಾಕ್ಯ ಶುರು ಮಾಡಿದಾಗ ಹೊರಟರೆ ಕ್ಯಾಂಟೀನಿಗೆ ಹೋಗಿ ಟೀ ಕುಡಿದು ಬಂದು ಕ್ರಿಯಾಪದಕ್ಕೆ ಹಾಜರಾಗಬಹುದು. ಮೊನ್ನೆ ನನ್ನನ್ನು ಕರೆದು, “ನಿನ್ನ, ಅಕ್ಷರ, ಚೆನ್ನಾಗಿದೆ. ಬುದ್ಧಿ, ಹೇಗಾದರೂ, ಇರಲಿ” ಅಂದರು. ಇನ್ನು ಮುಂದೆ ಪ್ರತಿ ವಸ್ತುವಿನ ಮುಂದೆ ಇಡುವ ವಿವರಣೆ ಚೀಟಿ ಬರೆಯುವವನು, ಸಾಮಾನು ಇಳಿಸಿಕೊಳ್ಳುವವನು, ತಲೆಬರಹದ ಥರ್ಮಾಕೋಲ್ ಅಕ್ಷರ ಕತ್ತರಿಸುವವನು ಎಲ್ಲ ನಾನೇ. ರಾಷ್ಟ್ರದ ಅಭಿವೃದ್ಧಿ ಈಗ ನನ್ನ ಕತ್ತರಿಯಲ್ಲಿದೆ.

ನೀನಿರುವ ಹಳ್ಳಿಯ ಹೊರಠಾಣೆ ಪ್ರಯೋಗಾಲಯದಿಂದಲೂ ಏನಾದರೂ ಬರುತ್ತದಂತೆ. ಏನದು?

ನಿನ್ನ ಪ್ರೀತಿಗೆ ಪಾತ್ರನಾದ
ತಮ್ಮ


ನೀರಿನ ಪ್ರಯೋಗಾಲಯ, ಹೊರಠಾಣೆ
ಜನವರಿ 19

ಲೋ ಕೋತಿ,

ಕಾಗದ ಬರೆದರೂ ವಾರಕ್ಕೊಂದು ಸಲ ಜೀಪು ಬಂದಾಗಲೇ ಅದು ಹೊರಡೋದು. ಅದಕ್ಕೆ ನನ್ನನ್ನು ಬೈಯಬೇಡ, ಜೀಪಿನ ಟೈರನ್ನು ಬೈ.

ನಿಮ್ಮ ತಲೆಬರಹ ಓದಿ ಒಬ್ಬಳೇ ನಕ್ಕೆ. ನೆನಪಿದೆಯಾ? ನೀನು ಎರಡನೇ ಕ್ಲಾಸು. ನಾಟಕದ ಮೇಷ್ಟ್ರು “ನಾಳೆ ನಿಂಗೆ ಪಾತ್ರ ಇದೆ, ತಯಾರಾಗಿ ಬಾ” ಅಂದಿದ್ದಕ್ಕೆ ಅಮ್ಮನ ದೊಡ್ಡ ಪಾತ್ರೆಯನ್ನು ತಲೆ ಮೇಲೆ ಹೊತ್ತುಕೊಂಡು ಸ್ಕೂಲಿಗೆ ಹೋಗಿದ್ದೆ. “ಸಾರ್, ಪಾತ್ರೆ ತಂದಿದೀನಿ, ಏನು ಹಾಕ್ತೀರಾ?” ಇಡೀ ಸ್ಕೂಲು ಬಿದ್ದು ಬಿದ್ದು ನಕ್ಕಿತು. ಮೊದಲು ನೀನು ಅತ್ತೆ. ಆಮೇಲೆ ಎಲ್ಲರೂ ನಿನ್ನನ್ನೇ ನೋಡುತ್ತಿದ್ದಾರೆ ಅಂತ ಗೊತ್ತಾಗಿ, ಕಣ್ಣೊರೆಸಿಕೊಂಡು, ಪಾತ್ರೆ ಹೊತ್ತು ಇನ್ನೊಂದು ಸುತ್ತು ಬಂದೆ. ಅವತ್ತೇ ನೀನು ಕೆಟ್ಟಿದ್ದು. ನೋಡು, ಕತ್ತರಿ ಕೈಗೆ ಸಿಕ್ಕಿತು ಅಂತ ಆ ‘ಪಾತ್ರ’ಕ್ಕೊಂದು ಎತ್ವ ಅಂಟಿಸಿಬಿಟ್ಟೀಯೆ!

ಇನ್ನು ಕೆಲಸದ ಮಾತು. ನಾವು ಒಂದು ವಸ್ತು ಕಳಿಸುತ್ತಿದ್ದೇವೆ. ಮೇಷ್ಟ್ರಿಗೆ ‘ಗ್ರಾಮೀಣ ಜಲಶುದ್ಧಿ ಉಪಕರಣ’ ಅಂತ ಹೆಸರು ಬರೆದು ಕಳಿಸಿದ್ದೇನೆ. ನೀನು ಅದನ್ನೇ ಚೀಟಿಯಲ್ಲಿ ಚೆಂದಾಗಿ ಬರೆ. ಅದು ಹೇಗಿದೆ ಅಂತ ಹೇಳಲ್ಲ. ನೋಡಿದ ಕೂಡಲೇ ನಿನಗೆ ಗೊತ್ತಾಗುತ್ತೆ, ಇಲ್ಲಾ ಗೊತ್ತೇ ಆಗಲ್ಲ. ಮಜಾ ಇರೋದೇ ಅಲ್ಲಿ. ನಾನು ಇಲ್ಲಿಗೆ ಬಂದಾಗಿನಿಂದ ಮಾಡಿದ್ದು ಅದೊಂದೇ ಕೆಲಸ.

ಇಲ್ಲಿನ ಬಾವಿ ನೀರು ಕನ್ನಡಿ ಇದ್ದ ಹಾಗಿದೆ ಕಣೋ. ಒಳಗಿರೋ ಫ್ಲೋರೈಡ್ ಕಣ್ಣಿಗೆ ಕಾಣಲ್ಲ, ಕುಡಿದ ಮಕ್ಕಳ ಹಲ್ಲು ಮಾತ್ರ ಕಂದು ತಿರುಗುತ್ತೆ, ಬೆಳೀತಾ ಬೆಳೀತಾ ಕಾಲು ಬಾಗುತ್ತೆ. ಉದ್ಘಾಟನೆ ದಿನ ಮಂತ್ರಿಗಳ ಜೊತೆ ಅನುದಾನ ಆಯೋಗದವರೂ ಬರುತ್ತಾರೆ. ಯಾವ ಹೊರಠಾಣೆ ಉಳೀಬೇಕು, ಯಾವುದನ್ನು ಮುಚ್ಚಬೇಕು ಅಂತ ತೀರ್ಮಾನ ಮಾಡೋರು ಅವರೇ. ಹಾಗಾಗಿ ನಮ್ಮ ವಸ್ತು ಅವರ ಕಣ್ಣಿಗೆ ಬೀಳಲೇಬೇಕು. ಬೇರೆ ಯಾರ ಕೈಗೂ ಕೊಡದೆ ನಿನಗೆ ಒಪ್ಪಿಸುತ್ತಿದ್ದೇನೆ.

ಅಕ್ಕ


ಹುಡುಗರ ಹಾಸ್ಟೆಲ್
ಫೆಬ್ರವರಿ 11

ಸನ್ನಿಧಾನಕ್ಕೆ,

ಇತಿಹಾಸ ನಿರ್ಮಾಣವಾಗಿದೆ. ನಿರ್ಮಾಪಕ ನಿನ್ನ ತಮ್ಮ. ಕುರ್ಚಿ ಮೇಲೆ ಕೂತು ಓದು, ನಿಂತು ಓದಿದರೆ ಬೀಳುತ್ತೀಯ.

ಮೊದಲು ಬೇಜಾರಿನ ಸುದ್ದಿ ಮುಗಿಸಿಬಿಡುತ್ತೇನೆ. ನಿನ್ನ ಉಪಕರಣ ಬರಲೇ ಇಲ್ಲ. ಉದ್ಘಾಟನೆಯ ಹಿಂದಿನ ಸಂಜೆ ನಿಮ್ಮ ಕಡೆಯಿಂದ ಲಾರಿಯೇನೋ ಬಂತು. ಆದರೆ ಅದರಲ್ಲಿ ಇದ್ದದ್ದು ಹಾಸ್ಟೆಲ್ ಅಡುಗೆಮನೆಗೆ ಅಂತ ದಾರಿಯಲ್ಲಿ ಅಂಗಡಿಯಿಂದ ಹೇರಿಸಿದ್ದ ಪಾತ್ರೆಗಳು. ಪೆಟ್ಟಿಗೆ ಪೆಟ್ಟಿಗೆ ಬಿಚ್ಚಿದೆ, ಎಲ್ಲಾ ಪಾತ್ರೆಯೇ. ನಿನ್ನ ಮೇಜಿಗೆ ಬಿಳಿ ಬಟ್ಟೆ ಹಾಸಿ, ‘ಗ್ರಾಮೀಣ ಜಲಶುದ್ಧಿ ಉಪಕರಣ’ ಅಂತ ಮುತ್ತು ಪೋಣಿಸಿದ ಹಾಗೆ ಬರೆದು, ಪಕ್ಕದಲ್ಲಿ ಕರೆಂಟಿನ ವೈರು ಕೂಡ ಎಳೆಸಿಟ್ಟು ಕಾದೆ. ಯಂತ್ರದ ಸುಳಿವೇ ಇಲ್ಲ.

ಈಗ ಇತಿಹಾಸ. ಆ ಹೊಸ ಪಾತ್ರೆಗಳ ನಡುವೆ ಒಂದು ಹಳೇದಿತ್ತು. ಅಂಗಡಿಯವನು ಹಾಸ್ಟೆಲಿನವರಿಗೆ ಚೆನ್ನಾಗಿ ಟೋಪಿ ಹಾಕಿದ್ದಾನೆ. ಮೈಯೆಲ್ಲಾ ತಿಕ್ಕಿ ತಿಕ್ಕಿ ಸವೆದಿದೆ. ಒಂದು ಕಡೆ ತಗ್ಗು. ಕೆಳಗೊಂದು ನಲ್ಲಿ, ನಲ್ಲಿಗೆ ಕೆಂಪು ಚಿಂದಿ ಸುತ್ತಿದೆ. ಎತ್ತಿದರೆ ತಳ ಕಲ್ಲು ಕಟ್ಟಿದಷ್ಟು ಭಾರ. ಅದನ್ನು ನೋಡುತ್ತಿದ್ದ ಹಾಗೆ ನಿನ್ನ ಕಾಗದ ನೆನಪಾಯಿತು. ಆಮೇಲೆ ನನ್ನ ಕೈ ನನ್ನ ಮಾತು ಕೇಳಲಿಲ್ಲ.

ಥರ್ಮಾಕೋಲಿನಲ್ಲಿ ಸೊಗಸಾದ ಒಂದು ಎತ್ವ ಕತ್ತರಿಸಿದೆ. ಏಣಿ ಹತ್ತಿದೆ. ‘ಪಾತ್ರ’ದ ತಲಕಟ್ಟು ಕಿತ್ತು ಎತ್ವ ಅಂಟಿಸಿದೆ. ತಲೆಬರಹದ ನೇರ ಕೆಳಗೆ, ಎತ್ತರದ ಪೀಠದ ಮೇಲೆ, ಆ ಪಾತ್ರೆಗೆ ಪಟ್ಟಾಭಿಷೇಕ. ಚೀಟಿಯಲ್ಲಿ ಹೀಗೆ ಬರೆದೆ:

‘ಸ್ಥಾಪನೆಯಾದಂದಿನಿಂದ ವಿಶ್ವವಿದ್ಯಾಲಯವು ನಾಡಿನ ಭವಿಷ್ಯವನ್ನು ಇದೇ ಪಾತ್ರೆಯಲ್ಲಿ ಬೇಯಿಸುತ್ತಾ ಬಂದಿದೆ. ಇನ್ನೂ ಬೆಂದಿಲ್ಲ. ತಳ ಹಿಡಿದಿರುವುದನ್ನು ಪ್ರಗತಿ ಎಂದು ಭಾವಿಸತಕ್ಕದ್ದು.’

ಆ ಕೆಂಪು ಚಿಂದಿ ಬಿಚ್ಚಿ, ಪೀಠದ ಮುಂದೆ ಅಡ್ಡ ಕಟ್ಟಿ, ಪಕ್ಕದಲ್ಲಿ ಕತ್ತರಿ ಇಟ್ಟೆ. ಉದ್ಘಾಟನೆ ಅಂದಮೇಲೆ ರಿಬ್ಬನ್ ಬೇಡವೆ?

ಮಂತ್ರಿಗಳು ಬಂದರು. ತಲೆ ಎತ್ತಿ ಓದಿದರು. “ಏನ್ರೀ ಇದು, ಪಾತ್ರವೋ ಪಾತ್ರೆಯೋ?” ಅಲ್ಪವಿರಾಮ ಮೇಷ್ಟ್ರು, “ಅದು, ಸರ್, ಪಾತ್ರ, ಅಂದರೆ, ಸರ್,” ಅನ್ನುವಷ್ಟರಲ್ಲಿ ಮಂತ್ರಿಗಳು ಚೀಟಿಯನ್ನು ಗಟ್ಟಿಯಾಗಿ ಓದಿಬಿಟ್ಟರು. ಅಕ್ಕಾ, ಮಂತ್ರಿಗಳು ಹೊಟ್ಟೆ ಹಿಡಿದುಕೊಂಡು ನಕ್ಕರು! ಆಯೋಗದ ಅಧ್ಯಕ್ಷರು ನಗುವನ್ನೆಲ್ಲ ನಿವೃತ್ತಿ ಕಾಲಕ್ಕೆ ಅಂತ ಎತ್ತಿಟ್ಟಂಥ ಮುಖದವರು. ಅವರೂ ಕನ್ನಡಕ ತೆಗೆದು ಕಣ್ಣೊರೆಸಿಕೊಂಡರು. ಮರುದಿನ ಪತ್ರಿಕೆಯಲ್ಲಿ ಪಾತ್ರೆಯ ಫೋಟೋ. ಯಾರು ಮಾಡಿದ್ದು ಅಂತ ಮೇಷ್ಟ್ರು ಇನ್ನೂ ಹುಡುಕುತ್ತಿದ್ದಾರೆ. ನಾನೂ ಅವರ ಜೊತೆ ಸೇರಿ ಗಂಭೀರವಾಗಿ ಹುಡುಕುತ್ತಿದ್ದೇನೆ.

ಆಮೇಲೆ ಅಧ್ಯಕ್ಷರು ನಿನ್ನ ಮೇಜಿನ ಹತ್ತಿರ ನಿಂತು “ಉಪಕರಣ ಎಲ್ಲಿ?” ಅಂತ ಕೇಳಿದರು. “ಬಂದಿಲ್ಲ ಸರ್” ಅಂದೆ. “ಈ ಹೊರಠಾಣೆಗಳೇ ಹೀಗೆ” ಅಂತ ಏನೋ ಗುರುತು ಹಾಕಿಕೊಂಡು ಮುಂದೆ ಹೋದರು. ನಿನ್ನ ಯಂತ್ರ ಬರಬೇಕಿತ್ತು ಅಕ್ಕ. ಅದೊಂದು ಇದ್ದಿದ್ದರೆ ಅವತ್ತು ಎಲ್ಲಾ ಪರಿಪೂರ್ಣ.

ನಿನ್ನ ಪ್ರೀತಿಗೂ ಮಂತ್ರಿಗಳ ನಗುವಿಗೂ ಪಾತ್ರನಾದ
ತಮ್ಮ


ಹೊರಠಾಣೆ
ಫೆಬ್ರವರಿ 25

ತಮ್ಮಾ,

ಕಾಗದ ಬಂತು. ಎರಡು ಸಲ ಓದಿದೆ.

ಉಪಕರಣ ದಾರಿಯಲ್ಲಿ ಎಲ್ಲೋ ತಪ್ಪಿರಬೇಕು. ಹೋಗಲಿ ಬಿಡು.

ಆ ಪಾತ್ರೆ ಈಗ ಎಲ್ಲಿದೆ? ಸುಮ್ಮನೆ ಕೇಳಿದೆ. ಯಾರೂ ಒಲೆ ಮೇಲೆ ಇಡದ ಹಾಗೆ ನೋಡಿಕೋ. ಹಳೇ ಪಾತ್ರೆ ಅಂತೀಯಲ್ಲ, ಅದಕ್ಕೆ.

ಊಟ ಸರಿಯಾಗಿ ಮಾಡು. ಓದು.

ಅಕ್ಕ


ಹುಡುಗರ ಹಾಸ್ಟೆಲ್
ಮಾರ್ಚ್ 4

ಮುನಿದ ಸನ್ನಿಧಾನಕ್ಕೆ,

ಇಷ್ಟು ಪುಟ್ಟ ಕಾಗದವನ್ನು ಅಷ್ಟು ದೊಡ್ಡ ಲಕೋಟೆಯಲ್ಲಿ ಹಾಕಿ ಕಳಿಸಿದ್ದೀಯಲ್ಲ, ಒಳಗೆ ಮುನಿಸು ತುಂಬಿದೆ ಅಂತ ತಿಳಿಯಲಾರದಷ್ಟು ಪೆದ್ದನೇ ನಾನು? ಯಂತ್ರ ಕಳೆದುಹೋದ ದುಃಖ ನನಗೆ ಅರ್ಥವಾಗುತ್ತದೆ. ಅದಕ್ಕೇ ನಿನ್ನ ಪರವಾಗಿ ಧರ್ಮಯುದ್ಧ ಸಾರಿದ್ದೇನೆ.

ಲಾರಿ ಡ್ರೈವರ್ ಮೇಲೆ ದೂರು ಬರೆದೆ. ‘ರಾಷ್ಟ್ರದ ಸಂಪತ್ತೆನಿಸಿದ ವೈಜ್ಞಾನಿಕ ಯಂತ್ರವೊಂದು ಸದರಿ ಚಾಲಕರ ಘೋರ ನಿರ್ಲಕ್ಷ್ಯದಿಂದ ಕಣ್ಮರೆಯಾಗಿದ್ದು’ ಅಂತ ಶುರುವಾಗುತ್ತೆ. ಓದಿದರೆ ನಿನಗೆ ರೋಮಾಂಚನವಾಗುತ್ತಿತ್ತು. ಕಚೇರಿಯವರಿಗೆ ಆಗಿದೆ. ವಿಚಾರಣೆ ಮುಗಿಯುವ ತನಕ ಅವರನ್ನು ಕೆಲಸದಿಂದ ನಿಲ್ಲಿಸಿದ್ದಾರಂತೆ. “ನಾನು ಎಲ್ಲಾ ತಂದುಕೊಟ್ಟಿದೀನಿ ಸ್ವಾಮಿ” ಅಂತ ಅವರು ಕಚೇರಿ ಮೆಟ್ಟಿಲ ಮೇಲೆ ಕೂತಿದ್ದರು. ಕಳ್ಳರೆಲ್ಲ ಹಾಗೇ ಹೇಳೋದು.

ಪಾತ್ರೆಯ ಯೋಗಕ್ಷೇಮ ವಿಚಾರಿಸಿದ್ದೀಯ. ಏನು ಕರುಣೆ! ಅದು ಈಗ ಹಾಸ್ಟೆಲಿನ ರಾಜಮುದ್ರೆ. ಪಂದ್ಯ ಗೆದ್ದವರು ಅದನ್ನು ಹೊತ್ತು ಮೆರವಣಿಗೆ ಹೋಗುತ್ತಾರೆ. ಬೋರಲು ಹಾಕಿ ಸೌದೆ ಕೊರಡಿನಿಂದ ಬಾರಿಸಿದರೆ, ತಳ ಭಾರ ಇರೋದಕ್ಕೆ, ಎಂಥ ‘ಧಮ್’ ಅಂತೀಯ! ಈಚೆಗೆ ಒಳಗೆ ಏನೋ ಸಡಿಲವಾಗಿ ‘ಝಲ್’ ಅಂತಲೂ ಸೇರಿಕೊಂಡಿದೆ. ಒಂದೇ ವಾದ್ಯದಲ್ಲಿ ಎರಡು ನಾದ. ಒಲೆ ಮೇಲೆ ಇಟ್ಟಿಲ್ಲ, ಹೆದರಬೇಡ.

ನಗು ಅಕ್ಕಾ. ಯಂತ್ರ ಇನ್ನೊಂದು ಮಾಡಿದರಾಯಿತು.

ಪ್ರೀತಿಗೆ ಮರಳಿ ಪಾತ್ರನಾಗಲು ಕಾದಿರುವ
ತಮ್ಮ


ಹೊರಠಾಣೆ
ಮಾರ್ಚ್ 15

ಆ ದೂರನ್ನು ತಕ್ಷಣ ವಾಪಸ್ ತಗೋ. ಡ್ರೈವರದು ಏನೂ ತಪ್ಪಿಲ್ಲ. ಅವರು ಸಾಮಾನು ತಲುಪಿಸಿದ್ದಾರೆ. ನನಗೆ ಹೇಗೆ ಗೊತ್ತು ಅಂತ ಕೇಳಬೇಡ.

ಪಾತ್ರೆಯನ್ನು ಬಾರಿಸಬೇಡಿ.

ಅಕ್ಕ


ಹುಡುಗರ ಹಾಸ್ಟೆಲ್
ಮಾರ್ಚ್ 22

ಅಕ್ಕಾ,

ಎರಡು ಸಲ ‘ಸನ್ನಿಧಾನಕ್ಕೆ’ ಅಂತ ಶುರು ಮಾಡಿ ಹರಿದು ಹಾಕಿದೆ.

ನಿನ್ನ ಕಾಗದದಲ್ಲಿ ಇದ್ದದ್ದೇ ಐದಾರು ಸಾಲು. ಕೊನೆಯ ಸಾಲು ಯಾಕಿದೆ ಅಂತ ನನಗೆ ತಿಳಿಯಲಿಲ್ಲ. ಡ್ರೈವರ್ ಮನೆ ಹುಡುಕಿಕೊಂಡು ಹೋದೆ. ಅವರು ಅಂಗಳದಲ್ಲಿ ಮಗಳ ಸೈಕಲ್ ಚೈನು ಹಾಕುತ್ತಾ ಕೂತಿದ್ದರು. ದೂರು ಕೊಟ್ಟವನು ನಾನೇ ಅಂತ ಅವರಿಗೆ ಗೊತ್ತಿಲ್ಲ. “ಬಾಪ್ಪ, ನೀನು ಆ ಲ್ಯಾಬಿನ ಮೇಡಂ ತಮ್ಮ ಅಲ್ವಾ” ಅಂತ ಕೂರಿಸಿ ಟೀ ಕೊಟ್ಟರು. ಕುಡಿದೆ.

“ಪ್ರಯೋಗಾಲಯದ ಯಂತ್ರ ಯಾವ ಪೆಟ್ಟಿಗೆಯಲ್ಲಿತ್ತು?” ಅಂದೆ.

“ಯಂತ್ರ ಎಲ್ಲಿಂದ ಬಂತಪ್ಪ? ಪಾತ್ರೆ ಅಲ್ವಾ ಅದು? ನಿಮ್ಮಕ್ಕ ಸುತ್ತ ಹುಲ್ಲು ತುಂಬಿಸಿ, ಮಗು ಮಲಗಿಸಿದ ಹಾಗೆ ಮಲಗಿಸಿದ್ರು. ‘ಹಳ್ಳ ಬಂದ್ರೆ ನಿಧಾನ ಅಣ್ಣಾ’ ಅಂತ ಹತ್ತು ಸಲ ಹೇಳಿದ್ರು. ನಲ್ಲಿಗೆ ಕೆಂಪು ಬಟ್ಟೆ ಕಟ್ಟಿತ್ತು ನೋಡು, ಅದು.”

ಹಾಸ್ಟೆಲಿಗೆ ಹೇಗೆ ಬಂದೆನೋ. ಪಾತ್ರೆ ಆಟದ ಮೈದಾನದ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಎತ್ತಿ ನೆಟ್ಟಗೆ ಇಟ್ಟೆ. ಒಳಗೆ ಕೈ ಹಾಕಿ ತಳ ಮುಟ್ಟಿದರೆ, ಅದು ತಳ ಅಲ್ಲ. ಅದರ ಕೆಳಗೆ ಇನ್ನೊಂದು ತಳ ಇದೆ. ನಾವು ಬಾರಿಸಿದ್ದಕ್ಕೆ ಮೇಲಿನದು ಒಂದು ಕಡೆ ಎದ್ದು ಬಂದಿತ್ತು. ಆ ಸಂದಿಯಿಂದ ಕೆಂಪು ಹರಳು ಅಂಗೈ ಮೇಲೆ ಉದುರಿದವು. ಝಲ್ ಅಂತಿದ್ದದ್ದು ಅವೇ.

ನಾನು ಎಲ್ಲರನ್ನೂ ನಗಿಸಿದ್ದು ನಿನ್ನ ಕೆಲಸವನ್ನು ತೋರಿಸಿ. ಒಂದು ಕಡೆ ಖಾಲಿ ಮೇಜು, ಇನ್ನೊಂದು ಕಡೆ ಪೀಠದ ಮೇಲೆ ಅದು. ನಡುವೆ ಹತ್ತು ಹೆಜ್ಜೆ ಇರಲಿಲ್ಲ. “ಬಂದಿಲ್ಲ ಸರ್” ಅಂತ ಹೇಳಿದವನೂ ನಾನೇ.

ನಿನಗೆ ಫೆಬ್ರವರಿಯಲ್ಲೇ ಗೊತ್ತಾಗಿತ್ತು, ಅಲ್ಲವಾ? ಕೆಂಪು ಚಿಂದಿ ಅಂತ ಓದಿದಾಗಲೇ. ಯಾಕೆ ಹೇಳಲಿಲ್ಲ? ಒಂದು ಮಾತು ಬೈದಿದ್ದರೂ ಸಾಕಿತ್ತು.

ಡ್ರೈವರ್ ಮೇಲಿನ ದೂರು ವಾಪಸ್ ತೆಗೆದುಕೊಂಡೆ. ನಾಳೆಯಿಂದ ಕೆಲಸಕ್ಕೆ ಬರುತ್ತಾರೆ. ಆದರೆ ಕಾರಣ ಏನು ಬರೆದೆ ಗೊತ್ತಾ? ‘ಸಾಮಾನು ಉಗ್ರಾಣದಲ್ಲಿ ಸಿಕ್ಕಿದೆ’ ಅಂತ. ಅದೂ ಸುಳ್ಳು. ತಪ್ಪು ನನ್ನದು ಅಂತ ಎಲ್ಲೂ ಬರೆದಿಲ್ಲ. ಇಡೀ ಕ್ಯಾಂಪಸ್ಸಿನಲ್ಲಿ ಏಣಿ ಹತ್ತಿ ಎತ್ವ ಅಂಟಿಸುವ ಧೈರ್ಯ ಇದ್ದವನು ನಾನೊಬ್ಬನೇ ಅಂದುಕೊಂಡಿದ್ದೆ. ಇಳಿದು ಬಂದು ಹೇಳುವ ಧೈರ್ಯ ಇಲ್ಲ.

ಆಯೋಗದವರು ಏನಾದರೂ ಬರೆದಿದ್ದಾರಾ? ಹೇಳು. ಮುಚ್ಚಿಡಬೇಡ.

ತಮ್ಮ


ಹೊರಠಾಣೆ
ಏಪ್ರಿಲ್ 2

ತಮ್ಮಾ,

ಮುಚ್ಚಿಡಬೇಡ ಅಂದೆಯಲ್ಲ, ಕೇಳು.

ಆಯೋಗದ ತೀರ್ಮಾನ ಬಂದಿದೆ. ಜೂನ್ ಕೊನೆಗೆ ಹೊರಠಾಣೆ ಮುಚ್ಚುತ್ತಾರೆ. ‘ಪ್ರದರ್ಶಿಸಲು ಏನೂ ಇರಲಿಲ್ಲ’ ಅಂತ ಕಾರಣ ಕೊಟ್ಟಿದ್ದಾರೆ. ವಸ್ತು ಯಾಕೆ ತಲುಪಲಿಲ್ಲ ಅಂತ ಅಲ್ಪವಿರಾಮ ಮೇಷ್ಟ್ರು ಕೇಳಿದ್ದರು. ನಾನೇ ಹೊತ್ತಿಗೆ ಸರಿಯಾಗಿ ಕಳಿಸಲಿಲ್ಲ ಅಂತ ಉತ್ತರ ಬರೆದೆ. ನಿಜ ಬರೆದಿದ್ದರೆ ನಿನ್ನನ್ನು ಹೊರಗೆ ಹಾಕುತ್ತಿದ್ದರು. ಅಪ್ಪನಿಗೆ ಏನಂತ ಹೇಳೋದು ಅಂತ ಯೋಚಿಸಿದೆ, ಅಷ್ಟೇ. ಒಳ್ಳೇದು ಮಾಡಿದೆ ಅಂದುಕೊಂಡಿದ್ದೆ. ಆದರೆ ‘ದಾರಿಯಲ್ಲಿ ತಪ್ಪಿರಬೇಕು’ ಅಂತ ನಿನಗೆ ಬರೆದ ಸುಳ್ಳು ನಿನ್ನನ್ನು ಡ್ರೈವರ್ ಮೇಲೆ ದೂರು ಬರೆಯೋ ತನಕ ಕರಕೊಂಡು ಹೋಗುತ್ತೆ ಅಂತ ತಿಳಿದಿರಲಿಲ್ಲ. ಬೈದಿದ್ದರೆ ಸಾಕಿತ್ತು ಅಂದೆಯಲ್ಲ. ಹೌದು, ಬೈಯಬೇಕಿತ್ತು.

ಇನ್ನೊಂದು ವಿಷಯ. ಎತ್ವದ ಮಾತು ನಿನ್ನ ತಲೆಗೆ ಹಾಕಿದ್ದು ನಾನು. ‘ಹೇಗಿದೆ ಅಂತ ಹೇಳಲ್ಲ, ಅದೇ ಮಜಾ’ ಅಂತ ಬರೆದವಳೂ ನಾನೇ. ನಿನ್ನಷ್ಟೇ ತಮಾಷೆ ಹುಚ್ಚು ನನಗೂ ಇದೆ. ಒಂದೇ ಮನೆಯವರಲ್ಲವಾ.

ಯಾಕೆ ಹೇಳಲಿಲ್ಲ ಗೊತ್ತಾ? ಮೊದಲು ನಾವು ಮಾಡಿದ್ದು ಒಂದು ನೀಲಿ ಡಬ್ಬಿ. ಗುಂಡಿ, ಮುಳ್ಳು, ಕೊಳವೆ ಎಲ್ಲಾ ಇತ್ತು. ಮನೆಮನೆಗೂ ಕೊಟ್ಟೆವು. ಜನ ಹೆದರಿ ಅದರೊಳಗೆ ಬಟ್ಟೆ ತುಂಬಿಟ್ಟರು. ನೀರು ಮಾತ್ರ ಹಳೇ ಪಾತ್ರೆಯಲ್ಲೇ ಹಿಡಿದು ಕುಡಿದರು. ಬಾವಿ ಪಕ್ಕದ ಮನೆಯವಳು ಒಂದು ದಿನ, “ನೋಡಮ್ಮಾ, ನಿನ್ನ ಡಬ್ಬಿಗೆ ನಾವು ಹೊಂದಿಕೊಳ್ಳಲ್ಲ. ನನ್ನ ಪಾತ್ರೆಗೆ ನೀನೇ ಹೊಂದಿಕೋ” ಅಂದಳು. ಅವಳ ಪಾತ್ರೆಯನ್ನೇ ಇಸಕೊಂಡು ಬಂದು ಒಳಗೆ ಎರಡನೇ ತಳ ಕೂರಿಸಿ, ನಡುವೆ ಫ್ಲೋರೈಡ್ ಹೀರೋ ಸುಟ್ಟ ಮಣ್ಣಿನ ಹರಳು ತುಂಬಿದೆವು. ಯಾರು ನೋಡಿದರೂ ಮಾಮೂಲಿ ಪಾತ್ರೆ ಅನ್ನಬೇಕು, ನಮ್ಮ ಸಂಶೋಧನೆಯೇ ಅದು. ಅಂದಮೇಲೆ ನೀನು ಮೋಸ ಹೋಗಿದ್ದು ನಮ್ಮ ಗೆಲುವು. ಒಂದು ದಿನ ಇದನ್ನು ನೆನೆದು ನಗು ಬರುತ್ತೇನೋ. ಇವತ್ತು ಬರುತ್ತಿಲ್ಲ.

ನಿನ್ನ ಹತ್ತಿರ ಇರೋದು ಅವಳ ಪಾತ್ರೆ. ಮೊದಲನೇದು. ಸೋರಬಾರದು ಅಂತ ನಲ್ಲಿಗೆ ಕೆಂಪು ಬಟ್ಟೆ ಸುತ್ತಿದವಳು ಅವಳು. ಹೊಸದೊಂದು ಮಾಡಿ ಕಳಿಸಬಹುದಿತ್ತು. ಬಳಸಿ ಬಳಸಿ ಸವೆದದ್ದನ್ನೇ ತೋರಿಸೋಣ, ಅದಕ್ಕಿಂತ ಸಾಕ್ಷಿ ಬೇಕಾ ಅಂತ ನಾನೇ ಕೇಳಿ ತಂದೆ. ಅವಳ ದೊಡ್ಡ ಮಗನ ಕಾಲು ಬಾಗಿದೆ. ಆ ಪಾತ್ರೆಗೆ ಹರಳು ಬಿದ್ದಮೇಲೆ ಹುಟ್ಟಿದ ಹುಡುಗಿಗೆ ಹಲ್ಲು ಹಾಲಿನ ಹಾಗಿದೆ. ಬದಲಿಗೆ ಬೇರೆ ಪಾತ್ರೆ ಕೊಟ್ಟಿದ್ದೇನೆ. ತನ್ನದೇ ಬೇಕು ಅಂತಾಳೆ.

ನೀರಿಗೆ ಹೋದಾಗಲೆಲ್ಲ ಕೇಳುತ್ತಾಳೆ.

“ನಮ್ಮ ಪಾತ್ರೆ ಮಂತ್ರಿ ನೋಡಿದ್ರಾ?”

“ನೋಡಿದ್ರು” ಅಂದೆ.

“ಏನಂದ್ರು?”

“ನಕ್ಕರು” ಅಂದೆ.

ಅವಳ ಮುಖ ಅರಳಿತು. “ಅಷ್ಟು ಇಷ್ಟ ಆಯ್ತಾ!” ಅಂದಳು.

ಅಕ್ಕ


ಹುಡುಗರ ಹಾಸ್ಟೆಲ್
ಏಪ್ರಿಲ್ 14

ಅಕ್ಕಾ,

ಕೊನೆಯ ಸಾಲುಗಳನ್ನು ಇನ್ನೊಂದು ಸಲ ಓದಲಾಗದೆ ಕಾಗದ ಮಡಿಸಿ ಜೇಬಿಗೆ ಹಾಕಿಕೊಂಡು ನೇರ ಮೇಷ್ಟ್ರ ಕೋಣೆಗೆ ಹೋದೆ. ಪಾತ್ರೆಯನ್ನೂ ಹೊತ್ತುಕೊಂಡು ಹೋದೆ. ಕಾರಿಡಾರಿನ ಉದ್ದಕ್ಕೂ ಹುಡುಗರು, “ಏನಪ್ಪಾ, ಯಾವ ಪಂದ್ಯ ಗೆದ್ದೆ?” ಅಂತ ಶಿಳ್ಳೆ ಹೊಡೆದರು. ಎರಡನೇ ಕ್ಲಾಸಿನಲ್ಲಿ ಪಾತ್ರೆ ಹೊತ್ತಾಗ ನಗುವವರನ್ನು ನೋಡಿ ಇನ್ನೊಂದು ಸುತ್ತು ಬಂದಿದ್ದೆನಲ್ಲ. ಈ ಸಲ ಬಾಗಿಲು ಯಾವಾಗ ಬರುತ್ತದೋ ಅನ್ನಿಸುತ್ತಿತ್ತು.

ಮೇಷ್ಟ್ರ ಎದುರು ಎಲ್ಲಾ ಹೇಳಿದೆ. ಎತ್ವ, ಚೀಟಿ, ‘ಬಂದಿಲ್ಲ ಸರ್’, ಡ್ರೈವರ್ ಮೇಲಿನ ದೂರು, ಉಗ್ರಾಣದ ಸುಳ್ಳು, ನೀನು ನಿನ್ನ ಮೇಲೆ ಹಾಕಿಕೊಂಡದ್ದು. ನೀನು ಕಳಿಸಿದ್ದು ಸರಿಯಾದ ಹೊತ್ತಿಗೇ ತಲುಪಿತ್ತು ಅಂತ ಬರೆದೂ ಕೊಟ್ಟೆ. ಅವರು ಪಾತ್ರೆಯನ್ನೇ ನೋಡುತ್ತಾ ಕೂತಿದ್ದರು. ಆಮೇಲೆ, “ಎದ್ದು ಹೋಗು ನನ್ನ ಕಣ್ಣೆದುರಿಂದ” ಅಂದರು. ಒಂದೇ ಉಸಿರಿಗೆ. ನಡುವೆ ಒಂದು ಅಲ್ಪವಿರಾಮವೂ ಇರಲಿಲ್ಲ ಅಕ್ಕ. ಆಗ ನನಗೆ ನಿಜವಾಗಿ ಹೆದರಿಕೆಯಾಯಿತು.

ಎರಡು ದಿನ ಬಿಟ್ಟು ಅವರೇ ಕರೆಸಿದರು. ಆಯೋಗದ ಅಧ್ಯಕ್ಷರ ಕಚೇರಿಗೆ ನನ್ನನ್ನೂ ಪಾತ್ರೆಯನ್ನೂ ಕರೆದುಕೊಂಡು ಹೋದರು. ಮೇಷ್ಟ್ರು ಎಲ್ಲಾ ವಿವರಿಸಿದರು. ಎಲ್ಲಾ ಹಳೇ ಅಲ್ಪವಿರಾಮಗಳ ಸಮೇತ. ಅಧ್ಯಕ್ಷರು ಒಳಗಿನ ತಳ ತೆಗೆಸಿ, ಹರಳು ಅಂಗೈ ಮೇಲೆ ಹಾಕಿಕೊಂಡು ನೋಡಿದರು.

“ಚೀಟಿ ಬರೆದವನು ನೀನೇನಾ?”

“ಹೌದು ಸರ್.”

“ನಾನೂ ನಕ್ಕಿದ್ದೆ” ಅಂದರು. ಕನ್ನಡಕ ತೆಗೆದರು. ಈ ಸಲ ನಗಲಿಲ್ಲ. “ಹತ್ತಿರ ಹೋಗಿ ಒಂದು ಸಲ ಒಳಗೆ ಇಣುಕಲಿಲ್ಲ ನೋಡು.”

ತೀರ್ಮಾನ ಬದಲಾಯಿಸುತ್ತೇವೆ ಅಂತ ಅವರು ಹೇಳಲಿಲ್ಲ. ಮೇ ತಿಂಗಳಲ್ಲಿ ತಾವೇ ಅಲ್ಲಿಗೆ ಬಂದು ಮನೆಮನೆ ನೋಡುತ್ತಾರಂತೆ, ಆಮೇಲೆ ಹೇಳುತ್ತಾರಂತೆ. ಅಷ್ಟೇ ಸಿಕ್ಕಿತು. ಅದಕ್ಕಿಂತ ಹೆಚ್ಚು ಕೇಳುವ ಮುಖ ನನಗಿರಲಿಲ್ಲ.

ನನಗೆ ಶಿಕ್ಷೆಯಾಗಿದೆ, ಈ ವರ್ಷ ಪರೀಕ್ಷೆಗೆ ಕೂರುವಂತಿಲ್ಲ. ಹಾಸ್ಟೆಲ್ ಖಾಲಿ ಮಾಡಬೇಕು. ಅಪ್ಪನಿಗೆ ನಾನೇ ಬರೆದೆ, ನಿನ್ನ ಹೆಸರು ಎತ್ತಲಿಲ್ಲ. ಡ್ರೈವರ್ ಮನೆಗೂ ಹೋದೆ. ನಾನೇ ದೂರು ಕೊಟ್ಟವನು ಅಂದೆ. ಅವರು “ಟೀ ಕುಡಿಯುವಾಗಲೇ ಹೇಳಬಾರದಿತ್ತೇನಪ್ಪ” ಅಂದರು. ಈ ಸಲ ಟೀ ಕೊಡಲಿಲ್ಲ.

ಪಾತ್ರೆಯ ತಗ್ಗುಗಳನ್ನು ಒಳಗಿಂದ ತಟ್ಟಿಸಿದ್ದೇನೆ. ಒಂದು ಹೋಗಲಿಲ್ಲ. ಹಳೇ ತಗ್ಗೋ, ನಾವು ಮಾಡಿದ್ದೋ ತಿಳಿಯುತ್ತಿಲ್ಲ. ಕೆಂಪು ಬಟ್ಟೆಯನ್ನು ಮಂತ್ರಿಗಳು ಕತ್ತರಿಸಿದ್ದರು. ಸಭಾಂಗಣದ ಕಸದಲ್ಲಿ ಹುಡುಕಿದೆ, ಒಂದು ತುಂಡು ಸಿಕ್ಕಿತು.

ಅಲ್ಲಿಗೆ ಬಂದು ಪಾತ್ರೆ ಕೊಡಲಾ? ಅಧ್ಯಕ್ಷರು ಬರುವ ತನಕ ಇದ್ದು ಏನು ಕೆಲಸ ಹೇಳಿದರೂ ಮಾಡುತ್ತೇನೆ. ಬೇಡ ಅಂದರೆ ಡ್ರೈವರ್ ಕೈಯಲ್ಲಿ ಕಳಿಸುತ್ತೇನೆ. ಹಳ್ಳ ಬಂದರೆ ಅವರು ಈಗಲೂ ನಿಧಾನವಾಗೇ ಹೋಗುತ್ತಾರೆ.

ಇಷ್ಟು ದಿನ ಕಾಗದದ ಕೊನೆಗೆ ‘ಪ್ರೀತಿಗೆ ಪಾತ್ರನಾದ’ ಅಂತ ಸಲೀಸಾಗಿ ಬರೆಯುತ್ತಿದ್ದೆ. ಈಗ ಆ ಪದದ ಹತ್ತಿರ ಬಂದರೆ ಪೆನ್ನು ನಿಲ್ಲುತ್ತೆ.

ತಮ್ಮ


ಹೊರಠಾಣೆ
ಏಪ್ರಿಲ್ 24

ಪ್ರೀತಿಪಾತ್ರೆಯಾದ ತಮ್ಮನಿಗೆ,

ಎತ್ವ ನೋಡಿಕೋ. ಬೇಕು ಅಂತಲೇ ಹಾಕಿದ್ದೇನೆ. ಮೊದಲು ಹಾಕಿದವಳು ನಾನು, ತೆಗೆದರೂ ನಾನೇ ತೆಗೀಬೇಕು. ತೆಗೆಯಲ್ಲ.

ಮೇಷ್ಟ್ರು ನನಗೂ ಬರೆದಿದ್ದಾರೆ. ಸುಳ್ಳು ಉತ್ತರ ಕೊಟ್ಟಿದ್ದಕ್ಕೆ ಚೆನ್ನಾಗಿ ಬೈದಿದ್ದಾರೆ. ಎರಡು ಪುಟ, ಅಲ್ಪವಿರಾಮ ಬಿಟ್ಟು ಬೇರೇನೂ ನೆನಪಿಲ್ಲ. ನಮ್ಮಿಬ್ಬರಿಗೂ ಅದು ಬೇಕಿತ್ತು.

ಬಾ. ಡ್ರೈವರ್ ಕೈಯಲ್ಲಿ ಕಳಿಸಬೇಡ, ನೀನೇ ತಾ. ಒಳಗಿನ ತಳ ಇಲ್ಲಿಗೆ ಬಂದ ಮೇಲೆ ಕೂರಿಸಿದರಾಯಿತು. ಅಧ್ಯಕ್ಷರು ಬರೋದರೊಳಗೆ ಊರಿನ ಪಾತ್ರೆಗಳಿಗೆಲ್ಲ ಹೊಸ ಹರಳು ಹಾಕಬೇಕು. ಮಣ್ಣು ಸುಡೋಕೆ ಆಳು ಸಾಲದು. ಆ ಕೆಂಪು ತುಂಡು ಮರೀಬೇಡ.

ಜೀಪು ನಿಲ್ಲೋ ಜಾಗದಿಂದ ಒಂದೇ ದಾರಿ. ಮೊದಲು ಬಾವಿ ಸಿಗುತ್ತೆ, ಪಕ್ಕದಲ್ಲೇ ಅವಳ ಮನೆ. ಹಾಲಿನಂಥ ಹಲ್ಲಿನ ಒಂದು ಹುಡುಗಿ ಬಾಗಿಲಲ್ಲಿ ಕೂತಿರುತ್ತೆ, ಪಾತ್ರೆ ನೋಡಿದ ಕೂಡಲೇ ಅಮ್ಮನನ್ನು ಕೂಗುತ್ತೆ. ಅವಳು ಹೊರಗೆ ಬಂದು ಮಂತ್ರಿ ಯಾಕೆ ನಕ್ಕರು ಅಂತ ನಿನ್ನನ್ನೂ ಕೇಳುತ್ತಾಳೆ. ನಾನು ಹೇಳಿಲ್ಲ. ನೀನೇ ಹೇಳಬೇಕು.

ನನ್ನ ಮನೆ ಅಲ್ಲಿಂದ ಆಚೆಗೆ. ಹೇಳಿ ಮುಗಿಸಿ ಬಾ. ಕಾಯುತ್ತಿರುತ್ತೇನೆ.

ಅಕ್ಕ